ಗೌಜಲಹಕ್ಕಿಯ ಕಲೇಜಿ

ಖಾನಾವಳಿಯ ಅಡುಗೆಯವನು ಕೋಳಿಯ ಕಲೇಜಿಗೆ, ಅಂದರೆ ಯಕೃತ್ತಿಗೆ, ಅಂಟಿದ ಹಸಿರು ಪಿತ್ತದ ಚೀಲವನ್ನು, ಒಡೆದರೆ ಎಲ್ಲ ಕಹಿಯಾಗುತ್ತದೆಂದು ಮೆಲ್ಲಗೆ ಬಿಡಿಸಿ ಎಸೆಯುವುದನ್ನು ಕಂಡರೆ ನನಗೆ ಈಗಲೂ ನಾವು ಪುಣೆಯ ಯೆರವಡಾದಲ್ಲಿದ್ದಾಗಿನ ಆ ಮಧ್ಯಾಹ್ನ ನೆನಪಾಗುತ್ತದೆ.

ತಂಗಿಗೆ ಇರುಳುಗುರುಡು. ಕಲೇಜಿ ತಿನ್ನಿಸಿ ಎಂದಿದ್ದರು ಡಾಕ್ಟರು. ಬೇಟೆಯಾಡಿ ತಂದ ಗೌಜಲಹಕ್ಕಿಗಳ ಎದೆಮಾಂಸವನ್ನಷ್ಟೇ ತಿನ್ನುತ್ತಿದ್ದ ಸಾಹೇಬರೊಬ್ಬರ ಬಂಗಲೆಯಲ್ಲಿ ನೆರೆಮನೆಯ ಸಖೂಬಾಯಿ ಕೆಲಸಕ್ಕಿದ್ದಳು. ಅಲ್ಲಿ ಎಸೆಯುವ ಕಲೇಜಿಗಳನ್ನು ಎಲೆಯಲ್ಲಿ ಕಟ್ಟಿ ತಂದುಕೊಟ್ಟಳು. ಹುಟ್ಟಿದಾಗಿನಿಂದ ಮಾಂಸ ಮುಟ್ಟದ ಅವ್ವ ಹಿತ್ತಲಲ್ಲಿ ಮೂರು ಕಲ್ಲು ಹೂಡಿ, ಮೂಗಿಗೆ ಸೆರಗೊತ್ತಿ, ಪಿತ್ತದ ಚೀಲಗಳ ಸಮೇತ ಎಲ್ಲವನ್ನೂ ಬೇಯಿಸಿದಳು. ರುಚಿ ನೋಡುವ ಮಾತೇ ಇರಲಿಲ್ಲ.

ತಂಗಿ ಮೊದಲ ತುತ್ತನ್ನೇ ಉಗುಳಿದಳು. "ಅವ್ವಾ, ವಿಷಧಾಂಗ ಕಹಿ ಅದ!"

"ಔಷಧ ಅಂದಮ್ಯಾಲ ಕಹಿನ ಇರತದ. ಬೇವು ಸಿಹಿ ಇರತದೇನ?" ಎಂದೆ ನಾನು. ನಮ್ಮ ಓಣಿಯಲ್ಲಿ ವಾದ ಮಾಡಿ ನನ್ನನ್ನು ಗೆದ್ದವರಿರಲಿಲ್ಲ.

"ಅಕ್ಕ ಹೇಳೂದು ಖರೆ ಅದ, ನುಂಗು," ಎಂದಳು ಅವ್ವ. ನಾನು ತಂಗಿಯ ಕೈ ಹಿಡಿದೆ, ಅವ್ವ ತುರುಕಿದಳು.

ಕತ್ತಲಾಗುತ್ತಲೇ ಅವ್ವ ಕೇಳಿದಳು. "ಸ್ವಲ್ಪರೆ ಕಾಣಸ್ತದೇನವಾ? ಇಲ್ಲಂದ್ರ ನಾಳೆನೂ ಮಾಡ್ತೀನಿ."

"ಬ್ಯಾಡವ್ವಾ, ಭಾಳ ಚಲೋ ಕಾಣಸ್ತದ," ಎಂದಳು ತಂಗಿ ಗಡಬಡಿಸಿ. "ಅಗೋ, ಅಕ್ಕ ನನ್ನ ನೋಡಿ ನಗಲಿಕ್ಕತ್ಯಾಳ."

ಅವ್ವ ದೇವರಿಗೆ ಕೈಮುಗಿದಳು. ಎದುರಿಗೇ ನಿಂತಿದ್ದ ನಾನು ನಗುತ್ತಿರಲಿಲ್ಲ.