ನಿಲ್ದಾಣದ ಕಡೆಯ ಕೋಣೆ

ಉತ್ತರಕ್ಕೆ ಮುಖ ಮಾಡಿದ ಆ ದೊಡ್ಡ ಕೋಣೆಯೊಳಗೆ ಕಾಲಿಟ್ಟ ಕೂಡಲೇ ಅಕ್ಕನ ಜೊತೆ ಕಚೇರಿಗೆ ಜಾಗ ನೋಡಲು ಬಂದಿದ್ದ ತಮ್ಮ, ಮನಸ್ಸಿನಲ್ಲೇ ಮೇಜುಗಳನ್ನು ಜೋಡಿಸಿಬಿಟ್ಟ. ಅಕ್ಕ ಮನೆಗಳ ನಕ್ಷೆ ಬರೆಯುವವಳು, ಅವನು ಆ ನಕ್ಷೆ ಹಿಡಿದು ಕಟ್ಟಿಸುವವನು. ಟೈರ್ ಅಂಗಡಿಯ ಮೇಲಿನ ಕತ್ತಲೆಗೂಡಿನಲ್ಲಿ, ಹಗಲಿಗೂ ದೀಪ ಉರಿಸಿಕೊಂಡು, ಇಷ್ಟು ಕಾಲ ಇಬ್ಬರೂ ಕಣ್ಣು ಕೆಡಿಸಿಕೊಂಡಿದ್ದರು. ಇಲ್ಲಿ ನೋಡಿದರೆ ಬಿಸಿಲಿಲ್ಲದ ಬೆಳಕು, ಹಾಲು ಚೆಲ್ಲಿದ ಹಾಗೆ, ಗೋಡೆಯಿಂದ ಗೋಡೆಗೆ.

ಕಟ್ಟಡದ ಮ್ಯಾನೇಜರಮ್ಮ ಗಂಡಿನ ಕಡೆಯವರು ಗಂಡನ್ನು ಹೊಗಳುವ ಹಾಗೆ ಹೊಗಳುತ್ತಲೇ ಇದ್ದಳು. "ಗೋಡೆ ಒಳಗಡೆ ಇನ್ನೊಂದು ಪದರ ಇದೆ ಸರ್, ಬಿಸಿ ದಾಟಿ ಬರಲ್ಲ. ಚಾವಣಿ ತುಂಬ ಸೋಲಾರ್. ಕರೆಂಟ್ ಬಿಲ್ಲು ಅರ್ಧಕ್ಕರ್ಧ ಇಳಿಯತ್ತೆ. ಸ್ಟೇಷನ್ ಕಾಂಪೌಂಡಿನ ಆಚೆಗೇ. ನಿಮ್ಮಲ್ಲಿಗೆ ಬರೋರು ಕಾರು ಎಲ್ಲಿ ನಿಲ್ಲಿಸೋದು ಅಂತ ಒದ್ದಾಡೋ ಹಾಗಿಲ್ಲ."

"ಇದೇ ಆಗ್ಲಿ, ಅಲ್ವಾ ಅಕ್ಕ?" ಎಂದ ತಮ್ಮ.

ಅಕ್ಕ ಗೋಡೆಯ ಮೇಲೆ ಅಂಗೈ ಇಟ್ಟು ನಿಂತಿದ್ದಳು. ಇಂಥದೊಂದು ಬೆಳಕಿಗಾಗಿ ಅವಳು ಎಷ್ಟು ಹಂಬಲಿಸಿದ್ದಳೆಂಬುದು ಅವನಿಗೆ ಗೊತ್ತಿತ್ತು. "ಚೆನ್ನಾಗಿದೆ," ಎಂದಳು. "ಸ್ಟೇಷನ್ ಕಡೆಗೂ ಒಂದು ಖಾಲಿ ಇದೆ ಅಂದ್ರಲ್ಲ, ಅದನ್ನೂ ನೋಡೋಣ."

"ಅದು ಚಿಕ್ಕದು ಮೇಡಂ. ಪಶ್ಚಿಮದ ಬಿಸಿಲು ಬೇರೆ. ಸ್ಟೇಷನ್ನಿನ ಮೇಲ್ಸೇತುವೆ ಸೀದಾ ಅದರ ಬಾಗಿಲಿಗೇ ಬರತ್ತೆ ಅಂತ ಬಾಡಿಗೆಯೂ ಜಾಸ್ತಿ."

"ಇರ್ಲಿ, ನೋಡೋಣ."

ಆ ಕೋಣೆಯಲ್ಲಿ ಅವಳು ಗೋಡೆ ಮುಟ್ಟಲಿಲ್ಲ, ಅಳತೆ ಕೇಳಲಿಲ್ಲ. ನೇರ ಕಿಟಕಿಗೆ ಹೋದಳು. ಕೆಳಗೆ, ಕೂಗಿದರೆ ಕೇಳುವಷ್ಟು ಹತ್ತಿರದಲ್ಲಿ, ಪ್ಲಾಟ್‌ಫಾರಂ. ಆಗ ತಮ್ಮನಿಗೆ ವಿಷಯ ಹೊಳೆಯಿತು. ಹೊಳೆದದ್ದೇ ತನ್ನ ನಾಲಿಗೆಯನ್ನು ತಾನೇ ಶಪಿಸಿಕೊಂಡ. ಹೋದ ತಿಂಗಳು ಊಟಕ್ಕೆ ಕೂತಾಗ ಅಕ್ಕನ ಮುಂದೆ ಬಾಯಿ ತಪ್ಪಿ ಅಂದುಬಿಟ್ಟಿದ್ದ: ಅವಳ ಮಗ ಕಾಲೇಜು ಸೇರಿದ್ದಾನೆ, ದಿನಾ ಇದೇ ನಿಲ್ದಾಣದಲ್ಲಿ ರೈಲು ಬದಲಿಸುತ್ತಾನೆ.

ಅಕ್ಕನೂ ಗಂಡನೂ ಬೇರೆಯಾದಾಗ ಆ ಹುಡುಗನಿಗೆ ಹನ್ನೊಂದು. ಯಾರ ಜೊತೆ ಇರುತ್ತೀಯ ಎಂದು ಕೇಳಿದ್ದಕ್ಕೆ ಅಪ್ಪನ ಕಡೆ ಬೆರಳು ತೋರಿಸಿದ್ದ. ಆಮೇಲೊಂದು ದಿನ ಅವಳು ಶಾಲೆಯ ಗೇಟಿನ ಹತ್ತಿರ ಕಾದು ನಿಂತಾಗ, ಗೆಳೆಯರ ಮುಂದೆ ಮುಖ ಕೆಂಪಗೆ ಮಾಡಿಕೊಂಡು, "ನೀನು ಬರಬೇಡ. ಬರಬೇಕು ಅನ್ನಿಸಿದಾಗ ನಾನೇ ಬರ್ತೀನಿ" ಎಂದಿದ್ದ. ಹುಡುಗುಬುದ್ಧಿಯ ಮಾತು. ಆದರೆ ಅಕ್ಕ ಅದನ್ನು ಆಣೆಯಿಟ್ಟ ಹಾಗೆ ಪಾಲಿಸಿಕೊಂಡು ಬಂದಿದ್ದಳು. ಆರು ವರ್ಷವಾಯಿತು, ಅವನಿಗೆ ಬರಬೇಕು ಅನ್ನಿಸಿರಲಿಲ್ಲ. ಮಾವನಾದ ಇವನಿಗೆ ಮಾತ್ರ ಆಗೀಗ ಫೋನ್ ಮಾಡುತ್ತಿದ್ದ. ಅದು ಅವಳಿಗೂ ಗೊತ್ತಿತ್ತು. ಅವಳು ಏನೂ ಕೇಳುತ್ತಿರಲಿಲ್ಲ, ಇವನೂ ಹೇಳುತ್ತಿರಲಿಲ್ಲ.

"ಅಕ್ಕ," ದನಿ ತಗ್ಗಿಸಿದ ತಮ್ಮ, "ದಿನಾ ಇಲ್ಲಿ ನಿಂತು ನೋಡ್ತಾ ಇದ್ರೆ ಕೆಲಸ ಆಗತ್ತಾ? ಕರುಳು ಕಿತ್ತು ಬರತ್ತೆ ಅಷ್ಟೆ."

"ನೋಡೋದಕ್ಕಲ್ಲ ಕಣೋ. ಬರಬೇಕು ಅಂತ ಅವನಿಗೆ ಅನ್ನಿಸಿದ ದಿನ, ದೂರ ಆಗಬಾರದು. ಆ ಟೈರ್ ಅಂಗಡಿ ಹುಡುಕ್ಕೊಂಡು ಎರಡು ಬಸ್ಸು ಹತ್ತಿ ಇಳಿಯೋ ಹೊತ್ತಿಗೆ ಮನಸ್ಸು ಬದಲಾಗಿಬಿಟ್ರೆ?"

ಅಷ್ಟರಲ್ಲಿ ಕಿಟಕಿಯ ಹೊರಗೆ ಗರಗರ ಸದ್ದಾಯಿತು. ಅಗಲವಾದ ಲೋಹದ ಪಟ್ಟಿಗಳು ತಾವಾಗಿಯೇ ಓರೆಯಾಗಿ, ಒಂದರ ಮೇಲೊಂದು ಕೂತವು. ಪ್ಲಾಟ್‌ಫಾರಂ ಮರೆಯಾಯಿತು, ಕೋಣೆ ಮಬ್ಬಾಯಿತು.

"ಬಿಸಿಲು ಈ ಕಡೆ ತಿರುಗಿತಲ್ಲ," ಎಂದಳು ಮ್ಯಾನೇಜರಮ್ಮ ಹೆಮ್ಮೆಯಿಂದ. "ಇನ್ನು ಹೊತ್ತು ಮುಳುಗೋ ತನಕ ಹೀಗೇ. ಎ.ಸಿ. ಹಾಕೋದೇ ಬೇಡ."

"ನಮಗೆ ಬೇಕಾದಾಗ ತೆಗೀಬಹುದಾ?" ಅಕ್ಕ ಕೇಳಿದಳು.

"ಇಲ್ಲ ಮೇಡಂ. ಒಂದು ಕೋಣೆಯವರು ತೆಗೆದ್ರೂ ಇಡೀ ಮಹಡಿ ಕಾಯತ್ತೆ."

ಕಾಲೇಜು ಬಿಡುವ ಹೊತ್ತೂ ಅದೇ. ತಮ್ಮನಿಗೆ ಒಳಗೊಳಗೇ ನಿರಾಳವೆನಿಸಿತು. ಹಾಗೆನಿಸಿದ್ದಕ್ಕೆ ನಾಚಿಕೆಯೂ ಆಯಿತು. "ಆ ಕಡೇದನ್ನೇ ತಗೊಳ್ಳೋಣ ಅಕ್ಕ. ಇಲ್ಲಿ ಬೆಳಕೂ ಇಲ್ಲ, ಏನೂ ಕಾಣೋದೂ ಇಲ್ಲ."

ಚಾವಣಿಯ ಹತ್ತಿರದ ಗಾಳಿಕಿಂಡಿಗಳು ಮೆಲ್ಲಗೆ ತೆರೆದುಕೊಳ್ಳುತ್ತಿದ್ದವು. ಗಾಳಿಯ ಜೊತೆಗೆ ರೈಲೊಂದು ಬಂದು ನಿಂತ ಸದ್ದು, ಹಿಂದೆಯೇ ಹುಡುಗರ ಹಿಂಡಿನ ಗದ್ದಲ ಒಳಗೆ ನುಗ್ಗಿತು. ನಗು, ಬೈಗುಳ, ಯಾರನ್ನೋ ಯಾರೋ ಕೂಗಿ ಕರೆಯುವುದು. ಅಕ್ಕ ಮುಖ ಮೇಲೆತ್ತಿದಳು. ಒಂದು ದನಿಯನ್ನು ಬಿಟ್ಟು ಇನ್ನೊಂದನ್ನು ಹಿಡಿಯುವವಳಂತೆ ಅತ್ತ ಇತ್ತ ಕಿವಿಗೊಟ್ಟಳು. ಆಮೇಲೆ ಅವಳ ಮುಖದಲ್ಲಿ ಸಣ್ಣದೊಂದು ಗಾಬರಿ ಕಾಣಿಸಿತು.

"ಅವನು ಹೋದಾಗ ಇನ್ನೂ ಎಳೇ ದನಿ ಕಣೋ. ಈಗ ಒಡೆದಿರತ್ತೆ, ಅಲ್ವಾ?" ಎಂದಳು. ಕಿಂಡಿಯಿಂದ ಕಣ್ಣು ತೆಗೆಯದೆಯೇ, "ಹೇಗಿದೆ ಈಗ?" ಎಂದಳು.

ಮಗನ ಬಗ್ಗೆ ಅವಳು ಬಾಯಿಬಿಟ್ಟು ಕೇಳಿದ ಮೊದಲ ಪ್ರಶ್ನೆ ಅದು.

"ಥೇಟ್ ನಮ್ಮಪ್ಪನ ದನಿ ಅಕ್ಕ. ಫೋನಲ್ಲಿ 'ಮಾವ' ಅಂತ ಶುರು ಮಾಡಿದ್ರೆ ಸಾಕು, ಕೂತಿದ್ದವನು ಎದ್ದು ನಿಂತುಬಿಡ್ತೀನಿ."

ಅಪ್ಪ ಹೋದದ್ದು ಮೊಮ್ಮಗ ಇನ್ನೂ ತೊಟ್ಟಿಲಲ್ಲಿದ್ದಾಗ. ಅಕ್ಕ ನಕ್ಕಳೋ ಏನೋ, ಆ ಮಬ್ಬಿನಲ್ಲಿ ತಿಳಿಯಲಿಲ್ಲ.

"ಗಲಾಟೆ ಆಗ್ತಿದೆಯಾ ಮೇಡಂ? ಕಿಂಡಿ ಬೇಕಾದ್ರೆ ಮುಚ್ಚಬಹುದು," ಎನ್ನುತ್ತ ಮ್ಯಾನೇಜರಮ್ಮ ಗುಂಡಿಯತ್ತ ಕೈ ಚಾಚಿದಳು.

"ಬೇಡಮ್ಮ, ಹಾಗೇ ಇರ್ಲಿ," ಎಂದ ತಮ್ಮ. "ಈ ಕೋಣೇನೇ ನಮಗೆ ಕೊಡಿ."

ಅಕ್ಕ ತಿರುಗಿ ನೋಡದೆಯೇ ಕೈಯೆತ್ತಿ ಇಬ್ಬರನ್ನೂ ಸುಮ್ಮನಿರಿಸಿದಳು. ಕಣ್ಣು ಮುಚ್ಚಿ, ಆ ಹುಡುಗರ ಗದ್ದಲದೊಳಗೆ, ತೀರಿಹೋದ ಅಪ್ಪನನ್ನು ಹುಡುಕುತ್ತ ನಿಂತಳು.