ಹೊಸ ಬ್ಲೋವರ್ ಬೇಡವೆಂದವನು

ರಾಝಿಕ್ ಮರಳು ಹಾರಿಸುವ ಹೊಸ ಬ್ಲೋವರನ್ನು ಎರಡೂ ಕೈಯಲ್ಲಿ ಎತ್ತಿ ಸಿಮೆಂಟು ನೆಲಕ್ಕೆ ಅಪ್ಪಳಿಸಿದ. ಬ್ಯಾಟರಿ ಒಂದು ಕಡೆ, ಮೂತಿ ಒಂದು ಕಡೆ ಹಾರಿತು. ಅಡುಗೆಕೋಣೆಯ ಬಾಗಿಲಲ್ಲಿ ನಿಂತಿದ್ದ ಅಡುಗೆಯವ ಇಬ್ರಾಹಿಂ ಖಲೀಲ್ ಅದನ್ನು ಕಣ್ಣಾರೆ ಕಂಡ. ಫೋರ್‌ಮನ್ ಮಮ್ಮು ಓಡಿ ಬಂದಾಗ, "ಕೈ ಜಾರಿತು ಮಮ್ಮು ಕಾಕ" ಎಂದು ರಾಝಿಕ್ ಹಸಿ ಸುಳ್ಳು ಹೇಳಿದ್ದನ್ನೂ ಕೇಳಿದ.

ಮಮ್ಮು ನೀರಿನ ಪೈಪು ತೆಗೆದು ರಾಝಿಕನ ಬೆನ್ನಿಗೆ ಬಾರಿಸಿದ. ಅಂಗಿ ಹರಿಯಿತು, ಚರ್ಮ ಸುಲಿಯಿತು. ರಾಝಿಕ್ ತುಟಿ ಕಚ್ಚಿಕೊಂಡು ನಿಂತ.

"ಕಫೀಲ್ ಪಾಪ, ನಿಮ್ಮ ಕಿವಿ ಹಾಳಾಗ್ತದೆ ಅಂತ ಸದ್ದಿಲ್ಲದ್ದು ಕಳಿಸಿದ್ದು. ಇನ್ನು ಹಳೇದರಲ್ಲೇ ಸಾಯಿ. ಯಲ್ಲಾ, ಹೋಗು" ಎಂದ ಮಮ್ಮು.

"ಆಯ್ತು" ಎಂದ ರಾಝಿಕ್. ಅವನ ಮುಖದಲ್ಲಿ ಬೇಸರದ ಸುಳಿವೇ ಇರಲಿಲ್ಲ. ಖಲೀಲನಿಗೆ ಮೈಯೆಲ್ಲ ಉರಿಯಿತು.

ಅರಬ್ ಮರುಭೂಮಿಯ ವಫ್ರಾದ ಆ ತೋಟದಲ್ಲಿ ಗಾಳಿ ಎದ್ದಿತೆಂದರೆ ತೋಟದ ಧಣಿಯಾದ ಕಫೀಲನ ಮನೆಯ ಅಂಗಳ, ಹಸಿರುಮನೆಗಳು, ನಲ್ಲಿಯ ಬಾಯಿ, ಎಲ್ಲ ಕಡೆ ಮರಳೇ. ಸಂಜೆ ಗಾಳಿ ಇಳಿದ ಮೇಲೆ ಅದನ್ನು ಹಾರಿಸುವುದು ರಾಝಿಕನ ಕೆಲಸ. ಹಳೆಯ ಬ್ಲೋವರ್ ಬೆನ್ನಿಗೆ ಕಟ್ಟಿಕೊಳ್ಳುವ ಪೆಟ್ರೋಲಿನದು. ಸೈಲೆನ್ಸರ್ ಕಳಚಿ ಬಿದ್ದು ಯಾವ ಕಾಲವಾಯಿತೋ, ಅದು ಶುರುವಾದರೆ ಪಕ್ಕದಲ್ಲಿದ್ದವನು ಕೂಗಿದ್ದೂ ಕೇಳುವುದಿಲ್ಲ.

ಆ ಪೀಡೆಯನ್ನು ಈ ಹಾಳಾದವನು ಕೆಲವು ದಿನಗಳಿಂದ ಹಾಕುತ್ತಿದ್ದದ್ದಾದರೂ ಎಲ್ಲಿ? ಅಂಗಳವನ್ನು ಹೆಸರಿಗೆ ಒಮ್ಮೆ ಸುತ್ತಿ, ಸೀದಾ ಸ್ಟೋರಿನ ಹಿಂದೆ ಹೋಗಿ ನಿಲ್ಲುತ್ತಿದ್ದ. ಆ ಗೋಡೆಯ ಹಿಂದೆ ಬೇಲಿ, ಬೇಲಿಯಾಚೆ ಬರೀ ಮರುಭೂಮಿ. ಹಾರಿಸಲು ಅಲ್ಲಿ ಏನಿದೆ? ಕತ್ತಲಾಗುವವರೆಗೆ ಗೋಡೆಗೆ ಮೈ ತಾಗಿಸಿಕೊಂಡು ಅದನ್ನು ಬೊಬ್ಬಿರಿಸುತ್ತಿದ್ದ. ನಿಲ್ಲಿಸುವ ಮೊದಲು ಗೋಡೆಗೆ ಬೂಟುಗಾಲಿನಲ್ಲಿ ಜಾಡಿಸಿ ಒಂದು ಒದೆ ಬೇರೆ.

ಸ್ಟೋರಿನ ಒಳಗಿದ್ದದ್ದು ಅನ್ಸಾಫ್, ಖಲೀಲನ ತಂಗಿ ಸುಬೈದಾಳ ಒಬ್ಬನೇ ಮಗ.

ವೀಸಾ ಮಾಡಿಸಿ ಕರೆಸಿದ್ದು ಖಲೀಲನೇ. ಬೇರೆ ಕಡೆ ಕೆಲಸ ಹುಡುಕಿದ್ದೇನೆ ಎಂದು ಹುಡುಗ ಮಾಮನಿಗೆ ಗುಟ್ಟಾಗಿ ಹೇಳಿದ್ದ. ಖಲೀಲನ ಬಾಯಲ್ಲಿ ಗುಟ್ಟು ನಿಂತದ್ದು ಯಾವತ್ತು? ಊರಿನವನಲ್ಲವೇ, ನಾಲ್ಕು ಬುದ್ಧಿಮಾತು ಹೇಳಿಯಾನು ಎಂದು ಮಮ್ಮುವಿನ ಹತ್ತಿರ ಹೋಗಿ ಎಲ್ಲ ಒದರಿದ. ಮಮ್ಮು ಬುದ್ಧಿ ಹೇಳಿದ್ದು ಪೈಪಿನಿಂದ. ಹುಡುಗನ ಹಲ್ಲು ಉದುರಿತು, ಎಡಗೈ ಬಾತುಕೊಂಡಿತು. ಸ್ಟೋರಿಗೆ ತಳ್ಳಿ ಬೀಗ ಹಾಕಿದ. ಕಫೀಲ್ ಲಂಡನ್ನಿಗೆ ಹೋಗಿದ್ದ, ಅವನಿಗೆ ಇದೊಂದೂ ಗೊತ್ತಿಲ್ಲ. ನಾಳೆ ಬೆಳಿಗ್ಗೆ ಮಮ್ಮು ಹುಡುಗನ ಮೇಲೆ ಕಳ್ಳತನ ಹೊರಿಸಿ ಪೊಲೀಸರಿಗೆ ಕೊಡುವವನಿದ್ದ. ಆಮೇಲೆ ಜೈಲೇ. ಸುಬೈದಾಳಿಗೆ ಏನು ಹೇಳುವುದೆಂದು ತೋಚದೆ ಖಲೀಲ್ ಅವಳ ಫೋನು ಎತ್ತುವುದನ್ನೇ ಬಿಟ್ಟಿದ್ದ.

ಒಳಗೆ ಅನ್ನ ಕೊಡುವುದು, ಬಕೆಟ್ಟು ಹೊರಗೆ ತಂದು ಚೆಲ್ಲುವುದು ರಾಝಿಕನೇ. ಮಮ್ಮುವಿನ ಏಟು ತಿಂದೂ ಮಮ್ಮುವಿಗೇ ಚಮಚಾಗಿರಿ. ಬಕೆಟ್ಟು ಚೆಲ್ಲಿ ಬರುವಾಗ ಅವನ ಪ್ಯಾಂಟಿನ ತುಂಬ ಬಿಳಿ ಹುಡಿ. ಅಡುಗೆಕೋಣೆಯ ಕಬ್ಬಿಣದ ಸಟ್ಟುಗ ಕಾಣೆಯಾದದ್ದೂ ಇವನ ಕೈಚಳಕವೇ ಎಂದು ಖಲೀಲನ ಗುಮಾನಿ.

ಅಂದು ಸಂಜೆ ರಾಝಿಕ್ ತಟ್ಟೆ ಒಯ್ಯಲು ಬಂದ.

"ಖಲೀಲ್ ಕಾಕ, ಇವತ್ತು ಅವನಿಗೆ ಅನ್ನ ಸ್ವಲ್ಪ ಜಾಸ್ತಿ ಹಾಕಿ. ನೀರೂ ಒಂದು ಬಾಟ್ಲಿ ಜಾಸ್ತಿ ಇರಲಿ."

"ಎಂಥಕ್ಕೆ? ಕಡೇ ಊಟ ಅಂತಲಾ?"

ರಾಝಿಕ್ ನೀರಿನ ಬಾಟ್ಲಿಗಳನ್ನು ಕಂಕುಳಿಗೆ ಸಿಕ್ಕಿಸಿಕೊಂಡ.

"ಆ ಮೆಷಿನ್ ಅಲ್ಲಿ ಹಾಕಬೇಡ ಮಾರಾಯ. ಪೆಟ್ಟು ತಿಂದು ಬಿದ್ದ ಹುಡುಗ. ಕಣ್ಣು ಮುಚ್ಚಲಿಕ್ಕಾದರೂ ಬಿಡು. ನಿನ್ನ ಕಾಲು ಹಿಡಿಯುತ್ತೇನೆ."

"ಇವತ್ತೊಂದು ದಿನ ಸಹಿಸಿ ಕಾಕ. ಇವತ್ತಿಗೆ ಖಲಾಸ್."

ಹಾಗೆಂದು ತಟ್ಟೆ ಹಿಡಿದುಕೊಂಡು ನಡೆದ. ಖಲಾಸ್ ಅಂತೆ! ಒಂದು ಜೀವವನ್ನು ಮುಗಿಸುವ ಮಾತು ಎಷ್ಟು ಸಲೀಸಾಗಿ ಬಂತು ಅವನ ಬಾಯಲ್ಲಿ.

ಗಾಳಿ ಇಳಿಯಿತು. ಜಗಲಿಯಲ್ಲಿ ಮಮ್ಮು ಸುಲೈಮಾನಿ ಚಹಾ ಹೀರುತ್ತ ಕುಳಿತ. ಸ್ಟೋರಿನ ಹಿಂದೆ ಬ್ಲೋವರ್ ಶುರುವಾಯಿತು. ದಿನಕ್ಕಿಂತ ಜೋರಾಗಿ, ಕಿವಿಯ ತಮಟೆ ಹರಿಯುವ ಹಾಗೆ. ಖಲೀಲ್ ಸ್ವಲ್ಪ ಹೊತ್ತು ಎರಡೂ ಕಿವಿ ಮುಚ್ಚಿಕೊಂಡು ಕುಳಿತ. ಆಮೇಲೆ ಎದ್ದು ಗುದ್ದಲಿ ತೆಗೆದುಕೊಂಡ.

ರಾಝಿಕ್ ಗೋಡೆಗೆ ಒರಗಿ ನಿಂತಿದ್ದ. ಕಣ್ಣು ಜಗಲಿಯ ಕಡೆ. ಖಲೀಲ್ ಬಂದದ್ದು ಬೇಲಿಯ ಕಡೆಯಿಂದ. ಮೊದಲ ಏಟು ಭುಜಕ್ಕೆ ಬಿತ್ತು. ಎಲುಬು ಮುರಿದದ್ದು ಗುದ್ದಲಿಯ ಕಾವಿನಲ್ಲೇ ಖಲೀಲನ ಕೈಗೆ ತಿಳಿಯಿತು. ರಾಝಿಕ್ ಮೊಣಕಾಲೂರಿ ಬಿದ್ದ. ಬಾಯಿ ತೆರೆದು ಏನೋ ಕೂಗುತ್ತಿದ್ದ, ಆ ಬೊಬ್ಬೆಯಲ್ಲಿ ಒಂದಕ್ಷರವೂ ಕೇಳಲಿಲ್ಲ. ಎರಡನೆಯ ಏಟಿಗೆ ಕಿವಿ ಹರಿದು ನೆತ್ತರು ಕುತ್ತಿಗೆಗೆ ಇಳಿಯಿತು.

ಏಟು ತಪ್ಪಿಸಿಕೊಳ್ಳಲು ಅವನು ನೋಡಲೇ ಇಲ್ಲ. ತೆವಳಿಕೊಂಡು ಗೋಡೆಯ ಕಡೆಗೇ ಹೋಗುತ್ತಿದ್ದ, ಕಾಲು ಚಾಚುತ್ತಿದ್ದ. ಸಾಯುವಾಗಲೂ ಒದೆಯುವ ಚಟ ಬಿಡಲಿಲ್ಲವಲ್ಲ ಎಂದು ಖಲೀಲ್ ಅವನ ಕೊರಳಪಟ್ಟಿ ಹಿಡಿದು ಹಿಂದಕ್ಕೆ ಎಳೆದ. ಎಳೆದು, ಬೆನ್ನ ಮೇಲಿನ ಮೆಷಿನ್ನಿಗೆ ಗುದ್ದಲಿ ಬೀಸಿದ. ಮತ್ತೆ ಬೀಸಿದ. ಪೆಟ್ರೋಲ್ ಚೆಲ್ಲಿತು. ಬ್ಲೋವರ್ ಒಮ್ಮೆ ಕೆಮ್ಮಿ ನಿಂತಿತು.

ಇಡೀ ತೋಟ ಒಮ್ಮೆಲೇ ನಿಶ್ಶಬ್ದವಾಯಿತು. ಅಬ್ಬ, ಸಾಕಾಯಿತು ಎಂದು ಖಲೀಲ್ ಉಸಿರು ಬಿಟ್ಟ. ಹುಡುಗ ಇನ್ನಾದರೂ ಸ್ವಲ್ಪ ಮಲಗಲಿ.

ಗೋಡೆಯ ಒಳಗಿನಿಂದ ಕಬ್ಬಿಣದಲ್ಲಿ ಕಲ್ಲು ಕೊರೆಯುವ ಸದ್ದು ಟಕ್, ಟಕ್, ಟಕ್ ಎಂದು ಬರುತ್ತಲೇ ಇತ್ತು. ಜಗಲಿಯಲ್ಲಿ ಮಮ್ಮು ಲೋಟ ಕೆಳಗಿಟ್ಟು ಎದ್ದ.