ಅಣ್ಣನ ಮೂಗು

ಮೊಸರಲ್ಲಿ ಕಲಸಿದ ಕೆಂಪು ಅಕ್ಕಿ ಅಣ್ಣನ ಬೆರಳ ತುದಿಯಲ್ಲಿತ್ತು. ತಮ್ಮ ಇಂದ್ರಮಣಿಯ ಹಣೆ ಇನ್ನೊಂದು ಗೇಣು ದೂರವಿರುವಾಗ ಆ ಕೈ ನಿಂತುಬಿಟ್ಟಿತು. ನೇಪಾಳಿಗಳ ದಸರೆಯಾದ ದಸೈಂ ಹಬ್ಬದ ತಿಲಕಕ್ಕೆಂದು ಕಾಲಿಂಪಾಂಗಿನ ಆ ಮನೆಯಲ್ಲಿ ನೆಂಟರೆಲ್ಲ ಕಾದು ಕೂತಿದ್ದರು.

“ಈ ವರ್ಷ ನಿನ್ನ ಪ್ರಬಂಧದಲ್ಲಿ ನಾನ್ಯಾಕಿಲ್ವೋ?” ಎಂದ ಅಣ್ಣ.

ನೇಪಾಳಿ ಪತ್ರಿಕೆಯ ಹಬ್ಬದ ಸಂಚಿಕೆಗೆ ಇಂದ್ರಮಣಿ ಪ್ರತಿ ವರ್ಷ ಬರೆಯುತ್ತಿದ್ದ ಪ್ರಬಂಧವೆಂದರೆ ಅಣ್ಣನ ಮೂಗು, ಅಣ್ಣನ ಜಿಪುಣತನ, ಅಣ್ಣನ ತೇಪೆ ಹಾಕಿದ ಕೊಡೆ. ಓದಿ ಊರೆಲ್ಲ ನಗುತ್ತಿತ್ತು. ಅಣ್ಣ ತಿಲಕವಿಡುತ್ತ, “ಮನೆ ಮಾನ ಕಳೆದೆಯಲ್ಲೋ” ಎಂದು ಬೈಯುತ್ತಿದ್ದ. ಈ ಸಲ, ಅಣ್ಣನಿಗೆ ಇನ್ನು ಹೆಚ್ಚು ದಿನವಿಲ್ಲವೆಂದು ಆಸ್ಪತ್ರೆಯವರು ಹೇಳಿದ್ದನ್ನು ಅವನಿಂದ ಮುಚ್ಚಿಟ್ಟ ಅತ್ತಿಗೆ, ಫೋನಿನಲ್ಲಿ ಮೈದುನನಿಗೆ ಮಾತ್ರ ಅಳುತ್ತ ತಿಳಿಸಿದ್ದಳು. ಆಮೇಲೆ ಆ ಮೂಗನ್ನು ಗೇಲಿ ಮಾಡಲು ಅವನಿಗೆ ಮನಸ್ಸು ಬರಲಿಲ್ಲ. ಬೆಟ್ಟದ ಮಂಜಿನ ಬಗ್ಗೆ ಏನೋ ಬರೆದು ಕಳಿಸಿದ್ದ.

“ಬರೆದಿದ್ದೆ ಕಣಣ್ಣ. ಉದ್ದ ಆಯ್ತು ಅಂತ ಸಂಪಾದಕರು ಕತ್ತರಿಸಿಬಿಟ್ರು.”

“ಎಷ್ಟು ಉದ್ದ?”

“ನಿನ್ನ ಮೂಗಿನಷ್ಟು.”

ನೆಂಟರು ಗೊಳ್ಳೆಂದು ನಕ್ಕರು. ಅಣ್ಣನೂ ನಕ್ಕ. ತಿಲಕದ ಜೊತೆ ಮುಡಿಸುವ ಜವೆಗೋಧಿ ಮೊಳಕೆಯ ತಟ್ಟೆ ಹಿಡಿದು ಪಕ್ಕದಲ್ಲಿ ನಿಂತಿದ್ದ ಅತ್ತಿಗೆ ಮಾತ್ರ ತಟ್ಟೆ ಕೆಳಗಿಟ್ಟು ಒಳಗೆ ಹೋದಳು. ಅಣ್ಣ ಅವಳ ಬೆನ್ನನ್ನು ನೋಡಿದ, ಆಮೇಲೆ ತಮ್ಮನ ಮುಖ ನೋಡಿದ. ಬಗ್ಗಿ ಹಣೆಯ ತುಂಬ ತಿಲಕ ಒತ್ತಿದ.

“ದೀರ್ಘಾಯುಷಿಯಾಗು” ಎಂದು ಗಟ್ಟಿಯಾಗಿ ಹರಸಿ, ಅವನೊಬ್ಬನಿಗೇ ಕೇಳಿಸುವಂತೆ ಹೇಳಿದ: “ಸುಳ್ಳು ಹೇಳೋದು ನಿಂಗೆ ಕಾಗದದ ಮೇಲಷ್ಟೇ ಬರೋದು ಕಣೋ.”